ಮಾವನ ಕರೆಂಟು, ಅಳಿಯನ ಇಂಟರ್ನೆಟ್ಟು

ಕೆಲಸ ಕಳೆದುಕೊಂಡ ಅಳಿಯ ಮಾವನ ಮನೆಯ ಮಹಡಿಯಲ್ಲಿ ವಾಸ ಮಾಡಬಾರದು. ಮಾಡಿದರೂ ಇಂಟರ್ನೆಟ್ಟಿಗಾಗಿ ಮಾವನ ಕರೆಂಟು ತಂತಿಯನ್ನು ನಂಬಬಾರದು. ನಮ್ಮ ಕಥೆಯ ಅಳಿಯ ಎರಡೂ ತಪ್ಪು ಮಾಡಿದ್ದ.

ವಿಷಯ ಇಷ್ಟೇ. ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ಕೆಳಗೆ, ಮಾವನ ನಡುಮನೆಯಲ್ಲಿ. ಹಳೇ ಕಾಲದ ದಪ್ಪ ಗೋಡೆ ದಾಟಿ ವೈಫೈ ಮೇಲೆ ಹತ್ತುತ್ತಿರಲಿಲ್ಲ. ಅಂಗಡಿಯವನು ಎರಡು ಪುಟ್ಟ ಡಬ್ಬಿ ಕೊಟ್ಟು, "ಒಂದನ್ನ ಕೆಳಗಿನ ಪ್ಲಗ್ಗಿಗೆ ಹಾಕಿ, ಇನ್ನೊಂದನ್ನ ಮೇಲಿನ ಪ್ಲಗ್ಗಿಗೆ. ಗೋಡೆ ಒಳಗಿನ ಕರೆಂಟ್ ವೈರಲ್ಲೇ ಇಂಟರ್ನೆಟ್ ಹತ್ತಿ ಬರುತ್ತೆ" ಎಂದಿದ್ದ. ಬಂತು, ಸುಳ್ಳಲ್ಲ. ಆದರೆ ಅದೇ ತಂತಿಯಲ್ಲಿ ಇಡೀ ಮನೆಯ ಮೋಟಾರುಗಳ ಗಲಾಟೆಯೂ ಹರಿಯುತ್ತದೆ, ಯಾರೋ ಎಲ್ಲೋ ಒಂದು ಸ್ವಿಚ್ ಒತ್ತಿದರೆ ಇಂಟರ್ನೆಟ್ಟು ನಿಂತಲ್ಲೇ ಕಲ್ಲಾಗುತ್ತದೆ ಎಂಬುದನ್ನು ಮಾತ್ರ ಅವನು ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನ ಕಂಪ್ಯೂಟರಿನಲ್ಲೇ ಕೊನೆಯ ಸುತ್ತಿನ ಸಂದರ್ಶನ. ಮಂಚ, ಕುರ್ಚಿ ಮಾರುವ ದೊಡ್ಡ ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ಕೆಲಸ. ಹಿಂದಿನ ಎರಡು ಸುತ್ತಿನಲ್ಲೂ ನಡುವೆಯೇ ಲೈನು ಸತ್ತು, ಪರದೆಯ ಚಿತ್ರ ಕಲ್ಲಾಗಿ, ಮತ್ತೆ ಜೀವ ಬರುವಷ್ಟರಲ್ಲಿ ಎದುರಿನವರು "ಧನ್ಯವಾದ" ಎನ್ನುತ್ತಿದ್ದರು. ಆದರೂ ತಾನು ಪಾಸಾದದ್ದು ಹೇಗೆಂದು ಅವನಿಗೇ ಗೊತ್ತಿಲ್ಲ. ಹಿರಿಯರ ಪುಣ್ಯ ಅಂದುಕೊಂಡಿದ್ದ.

"ರೀ, ಈ ಕೆಲಸಾನೂ ಕೈ ತಪ್ಪಿದ್ರೆ ಅಪ್ಪ ನಿಮ್ಮನ್ನ ತಮ್ಮ ಸ್ನೇಹಿತರ ಗೋದಾಮಿಗೆ ಕಾವಲು ಕೂರಿಸ್ತಾರಂತೆ. ಮಾತಾಡಿ ಆಗಿದೆ" ಎಂದು ಹೆಂಡತಿ ಬೆಳಗ್ಗೆಯೇ ತಿಳಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಅಂಗಡಿಯವನಿಗೆ ಫೋನ್ ಮಾಡಿದ.

"ಒಂದೊಂದೇ ಆಫ್ ಮಾಡ್ತಾ ಹೋಗಿ ಸಾರ್. ಯಾವುದು ನಿಂತಾಗ ಡಬ್ಬಿಯ ಕೆಂಪು ದೀಪ ಹಸಿರಾಗುತ್ತೋ ಅದೇ ಕಳ್ಳ."

ಕಳ್ಳನನ್ನು ಮೊದಲು ಸ್ವಂತ ಮನೆಯಲ್ಲೇ ಹುಡುಕಿದ. ಡಬ್ಬಿಯನ್ನು ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಿತ್ತು ನೇರ ಗೋಡೆಗೆ ಚುಚ್ಚಿದ. ಚಾರ್ಜರ್ ಕಿತ್ತ, ಟ್ಯೂಬ್‌ಲೈಟ್ ಆರಿಸಿದ, ಫ್ರಿಜ್ಜನ್ನೂ ಬಿಡಲಿಲ್ಲ. ಹೆಂಡತಿ ದೀಪದ ಮುಂದೆ ಕಾವಲು ಕೂತು "ಕೆಂಪೇ!" ಎಂದಳು. ಇನ್ನು ಊರ ಮೇಲೆ ಹೋಗದೆ ವಿಧಿಯಿರಲಿಲ್ಲ.

ಕೆಳಗೆ, ಅದೇ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದ ಟೈಲರ್ ಅಕ್ಕನ ಮೋಟಾರು ಮಿಷನ್ ಬೆಳಗ್ಗೆಯಿಂದ ಓಡುತ್ತಿತ್ತು.

"ಅಕ್ಕಾ, ಸಂದರ್ಶನ ಮುಗಿಯೋವರೆಗೂ ಒಂದು ಸ್ವಲ್ಪ ನಿಲ್ಲಿಸ್ತೀರಾ?"

"ನಿಲ್ಲಿಸಿದ್ರೆ ಯೂನಿಫಾರ್ಮು ನೀನು ಹೊಲಿದು ಕೊಡ್ತೀಯೇನಪ್ಪಾ? ನಿಂಗೇನು, ಮಾವನ ಮನೆ ಊಟ. ನನಗೆ ಹೊಲಿದರೇ ಊಟ."

ಅಳಿಯನ ಕಿವಿ ಬಿಸಿಯಾಯಿತು. ಬಡವನ ಕೋಪ ದವಡೆಗೆ ಮೂಲ ಎಂದು ನೆನೆದು ಹಲ್ಲು ಕಚ್ಚಿದ. ಅಟ್ಟದ ಮೇಲಿದ್ದ ಕಾಲು ತುಳಿಯುವ ಹಳೇ ಮಿಷನ್ನು ಇಳಿಸಿಕೊಟ್ಟರೆ ಆಗಬಹುದು ಎಂದಳು ಅಕ್ಕ. ಅದು ಎಮ್ಮೆಯಷ್ಟು ಭಾರವಿತ್ತು. ಇಳಿಸುವಾಗ ಅವನ ಹೆಬ್ಬೆರಳ ಮೇಲೆ ಕೂತಿತು. ಮೋಟಾರೇನೋ ನಿಂತಿತು, ಆದರೆ ಮೇಲಿಂದ "ಕೆಂಪೇ!" ಎಂಬ ಕೂಗು ಬಂತು.

ಹಿಂದಿನ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಇದ್ದರು. ಅವರಿಗೆ ಸಂಸಾರವಿರಲಿಲ್ಲ, ಮೀನುಗಳಿದ್ದವು. ಗಾಜಿನ ತೊಟ್ಟಿಗೆ ಗಾಳಿ ಊದುವ ಪಂಪು ಹಗಲೂ ರಾತ್ರಿ ಗೊರಗುಟ್ಟುತ್ತಿತ್ತು.

"ಪಂಪ್ ನಿಲ್ಲಿಸೋದಾ?" ಮೇಷ್ಟ್ರು ಕನ್ನಡಕ ತೆಗೆದರು. "ನೋಡಿ, ಕೆಲಸ ಇಲ್ಲದೆ ನೀವು ಮೂರು ತಿಂಗಳು ಬದುಕಿದ್ದೀರಿ. ಗಾಳಿ ಇಲ್ಲದೆ ನನ್ನ ಮೀನು ಮೂರು ಗಂಟೆ ಬದುಕಲ್ಲ."

ಇದನ್ನೂ ಅಳಿಯ ನುಂಗಿದ. ಗಂಟಲಲ್ಲಿ ಜಾಗ ಕಡಿಮೆಯಾಗುತ್ತಿತ್ತು. ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಸುರಿದರೆ ಗಾಳಿ ಸೇರುತ್ತದೆಂದು ವಾದಿಸಿದ. ಮೇಷ್ಟ್ರು ಪ್ರಯೋಗ ಮಾಡಿ ತೋರಿಸಿ ಎಂದರು. ತೋರಿಸಿದ, ಅಂಗಿ ತೋಯಿತು. ಕೊನೆಗೆ ಮೇಷ್ಟ್ರು ಪಂಪು ನಿಲ್ಲಿಸಿ, ಬಾಣಂತಿಯ ಪಕ್ಕ ಕೂತವರ ಹಾಗೆ ತೊಟ್ಟಿಯ ಪಕ್ಕ ಚೊಂಬು ಹಿಡಿದು ಕೂತರು.

"ಕೆಂಪೇ ರೀ!"

ಉಳಿದದ್ದು ಒಂದೇ. ಮಾವನ ನಡುಮನೆ.

ಮಾವ ಆರಾಮ ಕುರ್ಚಿಯಲ್ಲಿ ಕೂತು, ಕಾಲು ಒತ್ತುವ ಯಂತ್ರದೊಳಗೆ ಎರಡೂ ಪಾದ ಇಳಿಬಿಟ್ಟಿದ್ದರು. ಇಂಟರ್ನೆಟ್ಟಿನ ಡಬ್ಬಿಯ ಪಕ್ಕದ ಪ್ಲಗ್ಗೇ ಅದರದ್ದು. ಅಳಿಯನಿಗೆ ನೋಡಿದೊಡನೆ ಕಳ್ಳ ಸಿಕ್ಕಿದ. ಆದರೆ ಹಿಡಿಯುವುದು ಹೇಗೆ?

ಮಾವ ಅಹವಾಲನ್ನು ಪೂರ್ತಿ ಕೇಳಿದರು. ನಿಧಾನವಾಗಿ ಹೇಳಿದರು: "ಮಗಳನ್ನ ಕೊಟ್ಟೆ. ಮಹಡಿ ಕೊಟ್ಟೆ. ಇಂಟರ್ನೆಟ್ ಕೊಟ್ಟೆ. ನನಗೆ ಅಂತ ಉಳಿದಿದ್ದು ಎರಡು ಕಾಲು. ಈಗ ಅದಕ್ಕೂ ಬಂದ್ರಾ ಅಳಿಯಂದ್ರೇ?"

"ಹಾಗಲ್ಲ ಮಾವ, ಇವತ್ತೊಂದಿನ..."

"ಆಯ್ತಪ್ಪ, ನಿಲ್ಲಿಸೋಣ. ನಿಂತ್ರೆ ಒತ್ತೋರು ಯಾರು?"

ಅಳಿಯ ಸುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಯಂತ್ರದ ಸ್ವಿಚ್ ಆರಿಸಿ ನೆಲದ ಮೇಲೆ ಕೂತ.

"ಸ್ವಲ್ಪ ಜೋರಾಗಿ" ಎಂದರು ಮಾವ ಕಣ್ಣು ಮುಚ್ಚಿಕೊಂಡು. "ಯಂತ್ರಕ್ಕೆ ಮೂರು ಸ್ಪೀಡಿತ್ತು."

ಆಗ ಮೇಲಿಂದ ಹೆಂಡತಿಯ ಕೂಗು ಕೇಳಿತು. "ಹಸಿರೂ!" ಆ ದನಿಯಲ್ಲಿದ್ದ ಸಂತೋಷ ಕೇಳಿ ಅವನ ಕಣ್ಣು ತುಂಬಿತು. ಮಾವನಿಗೆ ನಿದ್ದೆ ಹತ್ತುವವರೆಗೂ ಒತ್ತಿದ, ಆಮೇಲೆ ತುದಿಗಾಲಲ್ಲಿ ಮೇಲೆ ಹೋದ.

ಸಂದರ್ಶನ ಶುರುವಾಯಿತು. ಪರದೆಯ ಮೇಲೆ ಮೂರು ಮುಖ, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ನಡುವೆ ಕೂತ ಅಧಿಕಾರಿಣಿ ಮುಗುಳ್ನಕ್ಕರು. ಕೇಳಿದ್ದಕ್ಕೆಲ್ಲ ಅಳಿಯ ಸೊಗಸಾಗಿ ಉತ್ತರ ಕೊಟ್ಟ. ಮನೆಯಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಸೂಜಿ ಬಿದ್ದರೂ ಕೇಳುವ ನಿಶ್ಶಬ್ದ.

ಇದ್ದಕ್ಕಿದ್ದಂತೆ ಪಕ್ಕದಲ್ಲಿದ್ದ ಬೋಳುತಲೆಯವರು ಮೇಜು ಗುದ್ದಿದರು. "ಏನ್ರೀ, ಮೂರು ತಿಂಗಳಿಂದ ಕೆಲಸ ಇಲ್ಲದೆ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ? ಊಟ ಯಾರ ಮನೇದು? ನಿಮ್ಮಂಥ ದಂಡಪಿಂಡಗಳನ್ನ ಯಾರ್ರೀ ಒಳಗೆ ಬಿಟ್ಟಿದ್ದು?"

ಅಳಿಯ ನುಂಗಲು ನೋಡಿದ. ಒಳಗೆ ಜಾಗವಿರಲಿಲ್ಲ.

"ಯಾರ್ರೀ ನೀವು ನನ್ನ ಊಟ ಕೇಳೋಕೆ?" ಎಂದು ಎದ್ದು ನಿಂತ. "ಬೆಳಗ್ಗೆಯಿಂದ ಇದೇ ಆಯ್ತು! ಆ ಟೈಲರಮ್ಮನ ಬಾಯಿ ಅವಳ ಮಿಷನ್‌ಗಿಂತ ಜೋರು! ಆ ಮೇಷ್ಟ್ರಿಗೆ ಮನುಷ್ಯರಿಗಿಂತ ಮೀನು ಹೆಚ್ಚು! ಇನ್ನು ನಮ್ಮ ಮಾವ ಅನ್ನೋ ಮಹಾರಾಯ, ಕತ್ತೆ ಕಾಲಿನಂಥ ಕಾಲನ್ನ ಅಳಿಯನ ಕೈಲಿ ಒತ್ತಿಸಿಕೊಂಡು ಸ್ಪೀಡು ಸಾಲದು ಅಂತಾನೆ! ನೀವೂ ಒಂದು ಕಾಲು ಚಾಚ್ರೀ, ಒತ್ತಿಬಿಡ್ತೀನಿ!"

ಅಧಿಕಾರಿಣಿ ನಿಟ್ಟುಸಿರುಬಿಟ್ಟರು.

"ಇದು ಪರೀಕ್ಷೆ ಅಷ್ಟೇ. ನಮ್ಮ ಗ್ರಾಹಕರು ಇದಕ್ಕಿಂತ ಕೆಟ್ಟದಾಗಿ ಬೈತಾರೆ. ಹಿಂದಿನ ಎರಡು ಸಲಾನೂ ಇವರು ಹೀಗೇ ಬೈದಿದ್ರು. ಆಗ ನೀವು ಒಂದು ರೆಪ್ಪೆ ಬಡೀಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಇಂಥ ತಾಳ್ಮೆ ನಾವು ಯಾರಲ್ಲೂ ಕಂಡಿರಲಿಲ್ಲ. ಇವತ್ತು ಬರೀ ಶಾಸ್ತ್ರಕ್ಕೆ ಕರೆದಿದ್ದು. ಕೆಲಸ ನಿಮಗೇ ಅಂತ ತೀರ್ಮಾನ ಆಗಿತ್ತು."

"ಮೇಡಂ, ಅದು... ಆಗ ಲೈನು..."

"ಲೈನ್ ಚೆನ್ನಾಗೇ ಇದೆ. ಧನ್ಯವಾದ."

ಪರದೆ ಕಪ್ಪಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಅವಳು ಕೆಳಗಿನಿಂದ ಬಂದಿದ್ದಳು, ಮುಖ ಬಿಳಿಚಿತ್ತು.

"ನೀವು ಹೇಳಿದ್ದೆಲ್ಲ ಅವರಿಗೆ ಕೇಳಿಸ್ತಾ?"

"ಕೇಳಿಸ್ತು ಕಣೇ" ಎಂದ ಅಳಿಯ. "ಒಂದಕ್ಷರ ಬಿಡದ ಹಾಗೆ."

"ಅಪ್ಪಂಗೂ" ಎಂದಳು ಅವಳು.