ಮಾನ್ಯ ಕೋಸಿನವರಿಗೆ, ರಾಮಾಪುರದ ತೋಟದಿಂದ

ರಾಮಾಪುರ,
ಫೆಬ್ರವರಿ 1962

ಎಲೆಯ ಮೇಲೆ ಎಲೆ ಹೊದ್ದು, ದುಂಡಗೆ, ಗಂಭೀರವಾಗಿ ಕುಳಿತಿರುವ ಮಾನ್ಯ ಕೋಸಿನವರ ಸನ್ನಿಧಾನಕ್ಕೆ ರಾಮಾಪುರದ ಮಹಿಳಾ ಸಮಾಜದ ಕಾರ್ಯದರ್ಶಿ ಶಿವರತ್ನಮ್ಮ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವೆಂಬುದು ಊರಿಗೇ ಗೊತ್ತು. ಈಗ ಇಡೀ ತೋಟವೇ ತಮ್ಮದಾಗಿದೆಯಲ್ಲ. ನಮ್ಮ ದೂರು ಇರುವುದೂ ಅದರ ಬಗ್ಗೆಯೇ.

ತಾವು ಜೀಪಿನಲ್ಲಿ ದಯಮಾಡಿಸುವ ಮುಂಚೆ ಛತ್ರದ ಹಿಂದಿನ ಜಾಗದಲ್ಲಿ ನಾವು ಊರಿನ ಹೆಂಗಸರು ಸೇರಿ ಬದನೆ, ಅವರೆ, ಕುಂಬಳ ಬೆಳೆದುಕೊಳ್ಳುತ್ತಿದ್ದೆವು. ಸಂಜೆ ಗಿಡಗಳಿಗೆ ನೀರು ಹೊಯ್ಯುತ್ತ ಅತ್ತೆಯರ ವಿಚಾರ ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಅತ್ತೆಯರೂ ಬರತೊಡಗಿದ ಮೇಲೆ ಸೊಸೆಯರ ವಿಚಾರಕ್ಕೂ ಅದೇ ಜಾಗವಾಯಿತು. ಕೊಯ್ದದ್ದನ್ನು ಹಂಚಿಕೊಂಡು ಮಡಿಲು ತುಂಬಿಕೊಂಡು ಮನೆಗೆ ಹೋಗುವ ಸಂತೋಷವನ್ನು ತಮ್ಮಂಥ ದೊಡ್ಡವರಿಗೆ ನಾನು ಹೇಗೆ ವಿವರಿಸಲಿ? ಆದರೆ ಜಾಗ ಪಂಚಾಯಿತಿಯದು, ಕಡಲೆಕಾಯಿ ವ್ಯಾಪಾರಿ ಪುಟ್ಟಮಲ್ಲಪ್ಪನವರಿಗೆ ಅಲ್ಲೊಂದು ಗೋದಾಮು ಕಟ್ಟುವ ಆಸೆ. ಹೊಸ ತರಕಾರಿ ಬೆಳೆದು ತೋರಿಸಿದರೆ ಮಾತ್ರ ಜಾಗ ನಿಮಗೆ ಎಂದು ಕೊಳ್ಳೇಗಾಲದ ಬ್ಲಾಕ್ ಆಫೀಸಿನಿಂದ ಬಂದ ಸಾಹೇಬರೊಬ್ಬರು ತಮ್ಮ ಕೋಸು ವಂಶದ ಸಸಿಗಳನ್ನು ಕೊಟ್ಟು, ಫಸಲು ಬಂದಾಗ ಊಟಕ್ಕೇ ಬಂದು ತೀರ್ಮಾನ ಹೇಳುತ್ತೇನೆಂದು ಹೋದರು.

ತಮಗೆ ನೆರಳು ಮಾಡಿದೆವು, ಬೂದಿ ಎರಚಿದೆವು, ಹುಳ ಹೆಕ್ಕಿದೆವು. ತಾವೋ ದಿನದಿನಕ್ಕೂ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿರಿ. ಇಷ್ಟೊಂದು ಸುತ್ತಿಕೊಂಡವರು ಒಳಗೆ ಕಾಯಿ ಬಚ್ಚಿಟ್ಟಿರಲೇಬೇಕೆಂದು ನಾವು ನಂಬಿದೆವು. ಸಾಹೇಬರು ಊಟಕ್ಕೆ ಬರುವ ದಿನ ನಮ್ಮ ಚಿಕ್ಕಮಾದಮ್ಮ ಒಲೆಯ ಮುಂದೆ ಕೂತು ತಮ್ಮ ಬಳಗದ ಕೆಲವರನ್ನು ಬಿಡಿಸತೊಡಗಿದಳು. ಸಿಪ್ಪೆಯೆಂದು ಎಲೆಯನ್ನೆಲ್ಲ ಮೇಕೆಗಳಿಗೆ ಹಾಕಿದೆವು. ಕೊನೆಗೆ ಉಳಿದದ್ದು ಬೆರಳುದ್ದದ ದಂಟು. "ಬುಡುಸ್ತಾ ಓದಂಗೆಲ್ಲ ಎಲೆಯೇ ಬತ್ತದಲ್ಲವ್ವಾ, ಕಾಯಿ ಎಲ್ಲಿ?" ಎಂದು ಅವಳು ಕೇಳಿದಾಗ ತೋಟ ಕೈತಪ್ಪಿತೆಂದೇ ತಿಳಿದೆ.

ಆಗ ನಮ್ಮ ಸಮಾಜದ ದೊಡ್ಡಬಸಮ್ಮ ತೋಟಕ್ಕೆ ಹೋಗಿ, ತಮ್ಮ ಸಾಲುಗಳ ನಡುವೆ ಬೆಳೆದಿದ್ದ ಕಳೆಯಲ್ಲಿ ಅಣ್ಣೆ, ಗೋಣಿ, ಕೀರೆ ಸೊಪ್ಪುಗಳನ್ನೆಲ್ಲ ಬಾಚಿ ತಂದು, ಬೇಳೆಯ ಜತೆ ಬೇಯಿಸಿ ಮಸೆದು, ಬೆರಕೆ ಸೊಪ್ಪಿನ ಸಾರು ಮಾಡಿ ಮುದ್ದೆಯ ಪಕ್ಕ ಬಡಿಸಿದಳು. ಸಾಹೇಬರು ಮತ್ತೆ ಮತ್ತೆ ಹಾಕಿಸಿಕೊಂಡು, ಕೋಸಿಗೆ ಇಷ್ಟು ರುಚಿಯಿದೆಯೆಂದು ನನಗೇ ಗೊತ್ತಿರಲಿಲ್ಲ ಎಂದರು. ನಾವು ಸೆರಗಿನಿಂದ ಬಾಯಿ ಮುಚ್ಚಿಕೊಂಡೆವು. ಅವರು ಅದನ್ನು ವಿನಯವೆಂದು ತಿಳಿದರು. ತೋಟ ನಮಗೇ ಉಳಿಯಿತು. ಸಂತೋಷಕ್ಕೆ ನನಗೆ ಅಳುವೇ ಬಂತು. ಅಷ್ಟರಲ್ಲಿ ಅವರು ಜೀಪು ಹತ್ತುತ್ತ, ಇನ್ನು ಮುಂದೆ ಅಲ್ಲಿ ಕೋಸಲ್ಲದೆ ಬೇರೇನೂ ಬೆಳೆಯಕೂಡದು, ಒಂದು ಕಳೆಯೂ ಕಣ್ಣಿಗೆ ಬೀಳಕೂಡದು ಎಂದು ಅಪ್ಪಣೆ ಕೊಟ್ಟರು.

ಮಾನ್ಯರೇ, ಊಟದೆಲೆಗೆ ಬಾರದೆಯೇ ಹೊಗಳಿಕೆಯನ್ನೆಲ್ಲ ಗಳಿಸಿದ ತಮ್ಮ ಯೋಗ್ಯತೆಗೆ ಎಣೆಯಿಲ್ಲ. ತಮ್ಮಲ್ಲಿ ತಿನ್ನಬೇಕಾದದ್ದು ಆ ಎಲೆಯನ್ನೇ ಎಂದು ಜೀಪಿನ ಡ್ರೈವರು ಹೇಳಿದ ಮೇಲೆ ನಮಗೆ ತಿಳಿಯಿತು. ಮೇಕೆಗಳಿಗೆ ಬೆಳಿಗ್ಗೆಯೇ ತಿಳಿದಿತ್ತು. ಆದ್ದರಿಂದ ನಮ್ಮ ಕೋರಿಕೆ ಇಷ್ಟೆ: ತಾವು ಸ್ವಲ್ಪ ಸರಿದು ಕೂತು ಬದನೆಗೂ ಅವರೆಗೂ ಜಾಗ ಬಿಡಿ, ಜೀಪಿನ ಸದ್ದು ಕೇಳಿದ ಕೂಡಲೇ ತಮ್ಮ ಅಗಲವಾದ ಎಲೆಗಳನ್ನು ಅವುಗಳ ಮೇಲೆ ಹೊದಿಸಿ ಮುಚ್ಚಿಡಿ, ಕಳೆಯನ್ನು ಮಾತ್ರ ಸ್ವಂತ ಮಕ್ಕಳಂತೆ ಸಾಕಿ.

ತಮ್ಮ ಮೇಲೆ ಇನ್ನೂ ವಿಶ್ವಾಸ ಉಳಿಸಿಕೊಳ್ಳಲು ಹೆಣಗುತ್ತಿರುವ ತಮ್ಮ ವಿಶ್ವಾಸಿ,
ಶಿವರತ್ನಮ್ಮ

ತಾ.ಕ.: ತಮ್ಮಲ್ಲಿ ಕೆಲವರನ್ನು ಮನೆಗೆ ಕೊಂಡೊಯ್ದ ಸಾಹೇಬರು, ಮನೆಯವರು ಎಷ್ಟು ಮಾಡಿದರೂ ಆ ರುಚಿ ಬರುತ್ತಿಲ್ಲವೆಂದು ಹೇಳಿಕಳಿಸಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಅವರಿಗೆ ಒಂದು ಮಂಕರಿ ತುಂಬ ಕಳೆ ಕಳಿಸುತ್ತಿದ್ದೇವೆ. ಮೇಲೆ ಮುಚ್ಚುವುದಕ್ಕೆ ತಮ್ಮ ಎರಡು ಎಲೆ ಸಾಕು.