ನನ್ನ ಬಸ್ಸಿನಲ್ಲಿ ಬೀಡಿ ಆರಿದ ಬಗೆ

ನಾನು ಅರಸೀಕೆರೆ–ಬೇಲೂರು ಬಸ್ಸಿನ ಕಂಡಕ್ಟರ್. ಸೇದುವವರ ಜೊತೆ ಜಟಾಪಟಿಯಿಲ್ಲದೆ ಒಂದು ದಿನವೂ ಡ್ಯೂಟಿ ಮುಗಿದಿಲ್ಲ. ನಾನಂತೂ ಬೀಡಿ ಮುಟ್ಟಿದವಳಲ್ಲ. ಆದರೂ ಒಂದು ಸಂಜೆ ಅತ್ತೆ ನನ್ನ ಖಾಕಿ ಕೋಟು ಮೂಸಿ, "ನೀನೂ ಶುರು ಮಾಡಿದ್ಯೇನೇ?" ಅಂದುಬಿಟ್ಟರು. ನನ್ನ ಬಸ್ಸಿನಲ್ಲಿ ಇನ್ನು ಯಾರಿಗೂ ಸೇದೋಕೆ ಬಿಡಲ್ಲ ಅಂತ ಅವತ್ತೇ ಪಣ ತೊಟ್ಟೆ.

ಕಿಟಕಿ ಸೀಟು

ಜಾವಗಲ್‌ನಲ್ಲಿ ಹತ್ತುವ ಒಬ್ಬ ತೆಂಗಿನಕಾಯಿ ವ್ಯಾಪಾರಿ ದಿನಾ ಮುಂದಿನ ಕಿಟಕಿಯಲ್ಲಿ ಕೂತು ಬೀಡಿ ಹಚ್ಚೋರು. ಕೇಳಿದರೆ, "ಹೊಗೆ ಆಚೆಗೇ ಬಿಡ್ತಾ ಇವ್ನಿ ಕಣಮ್ಮ, ನಿಂಗೇನು ತೊಂದ್ರೆ?"

ಒಂದು ದಿನ ಆ ಸೀಟಿನಲ್ಲಿ ಬೇರೊಬ್ಬ ಕೂತಿದ್ದ. ಇವರಿಗೆ ಸಿಕ್ಕಿದ್ದು ಅದರ ಹಿಂದಿನ ಕಿಟಕಿ. ಮುಂದಿನವನೂ ಬೀಡಿ ಹಚ್ಚಿ ಆಚೆಗೇ ಬಿಟ್ಟ. ಬಸ್ಸು ಓಡಿದ್ದೇ ತಡ, ಹೊಗೆಯೆಲ್ಲ ತಿರುಗಿ ಇವರ ಮುಖಕ್ಕೆ. ನಾನು ಬಾಯಿ ತೆರೆಯುವ ಮೊದಲೇ ವ್ಯಾಪಾರಿ ಕೆಮ್ಮುತ್ತಾ ಎದ್ದು ನಿಂತರು. "ಏನ್ಲಾ, ಬಸ್ಸೇನು ನಿಮ್ಮಪ್ಪಂದಾ? ಆರಿಸ್ಲಾ!"

ಬೋರ್ಡಿನ ನೆರಳು

ಹಳೇಬೀಡಿನ ಸ್ಟ್ಯಾಂಡಿನಲ್ಲಿ 'ಧೂಮಪಾನ ನಿಷೇಧಿಸಿದೆ' ಎಂಬ ಬೋರ್ಡಿನ ಕೆಳಗೇ ನಾಲ್ವರು ಸೇದುತ್ತಾ ನಿಂತಿದ್ದರು.

"ಓದೋಕೆ ಬರಲ್ವೇನ್ರೀ?"

"ಬರುತ್ತೆ ಮೇಡಂ. ಆದ್ರೆ ನೆರಳಿರೋದು ಇಲ್ಲೊಂದೇ ಕಡೆ."

ಹೊಗೆಗೆ ಹೆದರಿ ಬಿಸಿಲಲ್ಲಿ ನಿಂತಿದ್ದ ತಾಯಂದಿರನ್ನೆಲ್ಲ ಕೂಸುಗಳ ಸಮೇತ ಅಲ್ಲಿಗೇ ಕರೆದೆ. ಮೂರು ಕೂಸು ಒಟ್ಟಿಗೆ ರಾಗ ತೆಗೆದವು. ಬಿಸಿಲೇ ವಾಸಿ ಅಂತ ನಾಲ್ವರೂ ಗೇಟಿನಾಚೆ ಓಡಿದರು.

ನಾನ್ಯಾರು ಗೊತ್ತಾ?

ಬೇಲೂರಿನಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಬಿಳೀ ಪಂಚೆಯ ಯಜಮಾನರೊಬ್ಬರು ಸೀಟಿನಲ್ಲೇ ಸಿಗರೇಟು ಹಚ್ಚಿದರು. ಹಿಂದೆ ಕೂತಿದ್ದ ಮಾದಿಹಳ್ಳಿಯ ಅಜ್ಜಿಗೆ ಉಬ್ಬಸ. ಬಾಯಿಗೆ ಸೆರಗು ಒತ್ತಿಕೊಂಡು ಏದುಸಿರು ಬಿಡುತ್ತಿದ್ದರು.

"ಆರಿಸಿ ಸಾರ್," ಅಂದೆ.

"ನಾನ್ಯಾರು ಗೊತ್ತೇನಮ್ಮಾ?"

ನನಗೆ ಒಂದು ಗಳಿಗೆ ಅಳುಕಾಯಿತು. ಆಗ ಅಜ್ಜಿ ಕಂಬಿ ಹಿಡಿದು ಎದ್ದರು.

"ಅವಳಿಗೆ ಗೊತ್ತಿಲ್ದಿದ್ರೆ ನಂಗೊತ್ತು ಕಣ್ಲಾ. ನಿಮ್ಮವ್ವಂಗೆ ಹೆರಿಗೆ ಮಾಡ್ಸಿದ ಸೂಲಗಿತ್ತಿ ನಾನು. ಹುಟ್ಟಿದಾಗ ನೀನು ಉಸಿರೇ ಆಡ್ನಿಲ್ಲ. ಕಾಲು ಹಿಡಿದು ತಲೆಕೆಳಗು ಮಾಡಿ, ಕುಂಡಿ ಮೇಲೆ ಎರಡು ಬಾರಿಸಿ ಉಸಿರು ತರಿಸ್ದೆ. ಇವತ್ತು ನನ್ನ ಉಸಿರೇ ಕಟ್ಟಿಸ್ತೀಯಾ? ಇನ್ನೆರಡು ಬಾರಿಸ್ಲಾ?"

ಯಜಮಾನರು ಸಿಗರೇಟು ಕಾಲಡಿ ಹೊಸಕಿ, ಎರಡೂ ಕೈ ಹಿಂದಕ್ಕೆ ಅಡ್ಡ ಹಿಡಿದು ಎದ್ದು ನಿಂತರು.

"ಬ್ಯಾಡ ಕಣಜ್ಜಿ, ಈಗ ಉಸಿರು ಚೆನ್ನಾಗಿ ಬತ್ತೈತೆ!"