ಅಲಿಯಾಸ್ ಇಟ್ಟುಕೊಂಡ ಗಿಡ

ಗಿಡಕ್ಕೆ ನೀರು ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಅದಕ್ಕೊಂದು ಹೆಸರಿನ ಬೋರ್ಡು ಚುಚ್ಚಿ ನೋಡಿ, ನಮ್ಮ ಜೀವನ್ ಬಿಮಾ ನಗರದಲ್ಲಿ ಅನುಮಾನಪಡದ ಮನೆಯೇ ಇರುವುದಿಲ್ಲ.

ಬೋರ್ಡು

ಕುಕ್ ಟೌನ್‌ನಲ್ಲಿ ನಾವು ಬಾಡಿಗೆಗಿದ್ದ ಬಂಗಲೆ ಕೆಡವಿದಾಗ ನಾನು ಉಳಿಸಿಕೊಂಡು ಬಂದದ್ದು ಬೇಲಿಗಿಡದ ಒಂದು ಕಡ್ಡಿ. ಅಂಕುಡೊಂಕು ಕಾಂಡ, ದಪ್ಪ ಎಲೆ, ಮುರಿದರೆ ಬಿಳಿ ಹಾಲು. ಕಳ್ಳಿಯ ಬಳಗದ್ದು. ಈಗಿನ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನೆಟ್ಟೆ. ನಿವೃತ್ತನಾದ ಮೇಲೆ ಬಿ.ಎಸ್ಸಿ.ಯ ಸಸ್ಯಶಾಸ್ತ್ರ ಮೈಮೇಲೆ ಬಂದು, 'ಯೂಫೋರ್ಬಿಯಾ ಟಿಥಿಮಲಾಯ್ಡಿಸ್' ಎಂದು ಬೋರ್ಡೂ ಬರೆದೆ.

ಮೊದಲ ಮಹಡಿಯ ಹೆಣ್ಣುಮಗಳು ದೂರದಲ್ಲೇ ನಿಂತಳು. ಕೊರೊನಾ ಕಾಲದಲ್ಲಿ ಸೋಂಕಿನ ಮನೆಗಳ ಮುಂದೆ ಹಾಕುತ್ತಿದ್ದ ಬೋರ್ಡುಗಳನ್ನು ಅವಳು ಮರೆತಿರಲಿಲ್ಲ.

"ಅಂಕಲ್, ಈ ಕಾಯಿಲೆ ಯಾರಿಗೆ ಬಂದಿರೋದು?"

"ಕಾಯಿಲೆ ಅಲ್ಲಮ್ಮ, ಗಿಡದ ಹೆಸರು."

"ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ ಬಿಡಿ."

ಸಂಜೆ ನಮ್ಮ ಮನೆಗೆ ಎರಡು ಕಡೆಯಿಂದ ಗಂಜಿ ಬಂತು. ಚೆನ್ನಾಗಿತ್ತು.

ವಿಚಾರಣೆ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು.

"ಫೋನಲ್ಲಿ ನೋಡ್ದೆ. ಇದರ ಹೆಸರು ಪೆಡಿಲಾಂಥಸ್ ಅಂತಿದೆಯಲ್ರೀ?"

ಕೇಳುವವರು ಸಿಕ್ಕರಲ್ಲ ಎಂದು ನಾನು ಹಿಗ್ಗಿದೆ. "ಮೊದಲು ಯೂಫೋರ್ಬಿಯಾನೇ ಸಾರ್. ಹೂವು ಚಪ್ಪಲಿ ಥರ ಇದೆ ಅಂತ ಬೇರೆ ಕುಲಕ್ಕೆ ಹಾಕಿ ಪೆಡಿಲಾಂಥಸ್ ಅಂದ್ರು. ಆಮೇಲೆ ವಾಪಸ್ ಕರ್ಕೊಂಡ್ರು."

"ಊರು?"

"ಅಮೆರಿಕದ ಕಡೆ."

"ಆ ಹಾಲು?"

"ಕಣ್ಣಿಗೆ ಬಿದ್ರೆ ಕಷ್ಟ."

"ಹೊರಗಿನವನು, ಅಲಿಯಾಸ್ ಇದೆ, ವಿಷ ಇಟ್ಕೊಂಡಿದಾನೆ. ನನ್ನ ಸರ್ವೀಸಲ್ಲಿ ಇಂಥೋನಿಗೆ ಜಾಮೀನೇ ಸಿಕ್ತಿರಲಿಲ್ಲ. ಭಾನುವಾರದೊಳಗೆ ಎತ್ತಿ."

ಎತ್ತಲು ನನಗೆ ಮನಸ್ಸು ಬರಲಿಲ್ಲ. ಭಾನುವಾರ ಹಲಸೂರಿನ ಮದುವೆ ಮುಗಿಸಿ ಬಂದರೆ ಗಿಡವಿಲ್ಲ, ಬೋರ್ಡು ಮಾತ್ರ ನಿಂತಿತ್ತು.

ಸಿಸಿಟಿವಿ

ನಾಲ್ಕು ಮಳೆ ಬಿತ್ತು. ಕಾಂಪೌಂಡಿನ ಉದ್ದಕ್ಕೂ ಅದೇ ಅಂಕುಡೊಂಕು ಕಾಂಡಗಳು ಚಿಗುರಿ ನಿಂತವು.

"ಒಬ್ಬನ್ನ ಗಡೀಪಾರು ಮಾಡಿದ್ರೆ ಗ್ಯಾಂಗೇ ತಂದು ಇಳಿಸಿದೀರಲ್ರೀ," ಎಂದರು ಕಾರ್ಯದರ್ಶಿಗಳು.

"ನಾನು ಮುಟ್ಟಿಲ್ಲ ಸಾರ್."

"ಎಲ್ಲಾ ಆರೋಪಿಗಳೂ ಹೀಗೇ ಹೇಳೋದು."

ನನ್ನನ್ನು ಸಾಕ್ಷಿ ಸಮೇತ ಹಿಡಿಯಲು ಅವರೇ ಸಂಘದ ಸಭೆ ಕರೆದು, ಟೀವಿಗೆ ಗೇಟಿನ ಕ್ಯಾಮೆರಾ ಜೋಡಿಸಿದರು. ಗಿಡ ಮಾಯವಾದ ಆ ಭಾನುವಾರದ ದೃಶ್ಯ ಬಂತು. ಲುಂಗಿ ಎತ್ತಿ ಕಟ್ಟಿದ ಒಬ್ಬ ಮನುಷ್ಯ ಕತ್ತಿ ಹಿಡಿದು ಬಂದು, ಗಿಡವನ್ನು ತುಂಡು ತುಂಡು ಮಾಡಿ, ಕಾಂಪೌಂಡಿನ ಬುಡಕ್ಕೆ ಒಂದೊಂದನ್ನೇ ಎಸೆಯುತ್ತಾ ಹೋದ. ಈ ಗಿಡದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ. ಆ ಮನುಷ್ಯ ಕ್ಯಾಮೆರಾ ಕಡೆ ತಿರುಗಿದಾಗ ಸಭೆಯೆಲ್ಲ ಕಾರ್ಯದರ್ಶಿಗಳ ಕಡೆ ತಿರುಗಿತು.

ಹಿಂದಿನ ಕುರ್ಚಿಯಿಂದ ಅವರ ಹೆಂಡತಿ ತಣ್ಣಗೆ ಹೇಳಿದರು: "ರೀ, ಮನೇಲಿ ಒಂದು ತುಳಸಿ ನೆಡಿ ಅಂದ್ರೆ ಸೊಂಟನೋವು ಅಂತೀರಲ್ಲ?"